ಚಿಕ್ಕಬಳ್ಳಾಪುರದಿಂದ ಲೇಹ್‌ಗೆ ಕಾರಿನಲ್ಲಿ: ಅಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆಗಳು

2024ರಲ್ಲಿ ಗಣೇಶನ ಹಬ್ಬ ಮುಗಿದ ಮರುವಾರ ಹೊರಟು, ಆಯುಧಪೂಜೆಗೆ ಎರಡು ದಿನ ಇರುವಾಗ ವಾಪಸ್ ಬಂದೆವು. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಒಟ್ಟು 26 ದಿನ, ಏಳು ಸಾವಿರ ಕಿಮೀ ಚಿಲ್ಲರೆ. ಅವತ್ತಿಂದ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಮೊಳೆ, ಪೈಪು ಕೇಳಿಕೊಂಡು ಬಂದವರೂ ಮೊದಲು ಇದನ್ನೇ ಕೇಳುತ್ತಾರೆ. ಒಬ್ಬರಿಗೆ ಹೇಳಿದ್ದನ್ನೇ ಇನ್ನೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ. ಭಾವ ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿ ರಿಟೈರ್ ಆದವರು. ಕೆಳಗೆ ಇರುವ ಒಳ್ಳೆ ಸಲಹೆಗಳೆಲ್ಲ ಅವರದ್ದು, ಎಡವಟ್ಟುಗಳು ನನ್ನವು.

ನಮ್ಮೂರ ಹೈವೇನೇ ಕಾಶ್ಮೀರಕ್ಕೆ ಹೋಗುತ್ತಾ? ಸುಮ್ನೆ ಹೇಳ್ತೀರಾ?

ಸುಮ್ನೆ ಅಲ್ಲ. ನಾವು ದಿನಾ ಬಾಗೇಪಲ್ಲಿಗೆ, ಬೆಂಗಳೂರಿಗೆ ಓಡಾಡುವ ಎನ್‌ಎಚ್ 44 ಶ್ರೀನಗರದಿಂದ ಕನ್ಯಾಕುಮಾರಿವರೆಗೆ ಇದೆ. ಹಳಬರು ಈಗಲೂ ಇದನ್ನು ಸೆವೆನ್ ಅಂತಾರೆ. ಆಗ ಅದು ನಾಗ್ಪುರ ದಾಟಿ ಜಬಲ್ಪುರದ ಮೇಲೆ ವಾರಾಣಸಿಗೆ ಹೋಗುತ್ತಿತ್ತು. 2010ರಲ್ಲಿ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟಾಗ ಬೇರೆ ಬೇರೆ ರಸ್ತೆಗಳನ್ನು ಸೇರಿಸಿ 44 ಮಾಡಿದರು. ಹೈದರಾಬಾದ್, ನಾಗ್ಪುರ, ಝಾನ್ಸಿ, ಆಗ್ರಾ, ದೆಹಲಿ, ಜಾಲಂಧರ್, ಜಮ್ಮು. ಶ್ರೀನಗರದಿಂದ ಮುಂದೆ ಲೇಹ್‌ಗೆ ಮಾತ್ರ ಬೇರೆ ರಸ್ತೆ.

ಇನ್ನೊಂದು ವಿಷಯ. ನಮ್ಮ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಇದೆಯಲ್ಲ, ಅದು ಅನಂತಪುರ ದಾಟಿದ ಮೇಲೆ ಪಾಮಿಡಿ ಹತ್ತಿರ ಪೆನ್ನಾ ಅಂತ ಹೆಸರು ಬದಲಿಸಿಕೊಂಡು ಇದೇ ರಸ್ತೆಗೆ ಮತ್ತೆ ಸಿಗುತ್ತದೆ. ಅಲ್ಲಿ ಅಕ್ಕ ಕಾರು ನಿಲ್ಲಿಸಿ ಅಂದಳು. ನಿಲ್ಲಿಸಿದೆವು. ಊರು ಬಿಟ್ಟು ನಾಲ್ಕು ಗಂಟೆ ಕೂಡ ಆಗಿರಲಿಲ್ಲ, ಆಗಲೇ ನಮ್ಮೂರ ನೆಂಟರು ಸಿಕ್ಕ ಹಾಗೆ ಆಡಿದಳು.

ಎಷ್ಟು ದಿನ ಬೇಕು?

ಇದೇ ನಾವು ತಪ್ಪು ಮಾಡಿದ ಮೊದಲ ಲೆಕ್ಕ. ಮನೆಯಲ್ಲಿ ಕೂತು ನಾನು ಮಾಡಿದ ಪ್ಲ್ಯಾನ್ ಹೀಗಿತ್ತು: ಶ್ರೀನಗರ 2,900 ಕಿಮೀ ಹತ್ತಿರ ಹತ್ತಿರ, ದಿನಕ್ಕೆ 600 ಅಂದ್ರೆ ಐದು ದಿನ, ಇನ್ನೊಂದು ದಿನ ಹೆಚ್ಚಿಗೆ ಇಟ್ಟುಕೊಳ್ಳೋಣ. ಮೊದಲ ದಿನ ಅದು ಸರಿಯಾಗಿಯೇ ಕಂಡಿತು. ಬೆಳಗ್ಗೆ ನಾಲ್ಕಕ್ಕೆ ಹೊರಟು ಹೈದರಾಬಾದ್ ಒಳಗೆ ಹೋಗದೆ ಔಟರ್ ರಿಂಗ್ ರೋಡಿನಲ್ಲಿ ಸುತ್ತಿ ಸಂಜೆ ನಿರ್ಮಲ್ ತಲುಪಿದೆವು, 700 ಕಿಮೀ ದಾಟಿತ್ತು. ನಾನು ಹೆಗಲು ತಟ್ಟಿಕೊಂಡೆ. ಭಾವ ಏನೂ ಹೇಳಲಿಲ್ಲ, ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಮಲಗಿದರು.

ಏಳನೇ ದಿನ ರಾಂಬನ್ ಹತ್ತಿರ ಇಡೀ ದಿನಕ್ಕೆ ನಾವು ಹೋಗಿದ್ದು 60 ಕಿಮೀ. ಅದೇ ಕಾರು, ಅದೇ ಡ್ರೈವರು, ಅದೇ ನಂಬರಿನ ರಸ್ತೆ. ಅಲ್ಲಿಂದಾಚೆ ಎಷ್ಟು ಕಿಮೀ ಇದೆ ಅಂತ ಕೇಳೋದನ್ನೇ ಬಿಟ್ಟೆವು. ಎಷ್ಟು ಹೊತ್ತಾಗುತ್ತೆ, ಯಾವಾಗ ಬಿಡ್ತಾರೆ, ಇವತ್ತು ಬಿಡ್ತಾರಾ ಅಂತಲೇ ಕೇಳುತ್ತಿದ್ದೆವು. ನಮ್ಮ ಕಡೆ ದೂರ ಅಂದ್ರೆ ಕಿಲೋಮೀಟರು. ಅಲ್ಲಿ ದೂರ ಅಂದ್ರೆ ಗಂಟೆ, ಕೆಲವು ಸಲ ದಿನ.

ಹಾಗಾಗಿ ನನ್ನ ಉತ್ತರ: ಹೋಗಿ ಬರಲು ಕಡಿಮೆ ಅಂದರೂ 24 ದಿನ ಇಟ್ಟುಕೊಳ್ಳಿ. ಅದರಲ್ಲಿ ನಾಲ್ಕು ದಿನಕ್ಕೆ ಯಾವ ಪ್ಲ್ಯಾನೂ ಬೇಡ. ಅಷ್ಟು ರಜ ಇಲ್ಲದಿದ್ದರೆ ವಿಮಾನದಲ್ಲಿ ಶ್ರೀನಗರಕ್ಕೆ ಹೋಗಿ ಟ್ಯಾಕ್ಸಿ ಮಾಡಿ. ಅವಸರದಲ್ಲಿ ಹೋದರೆ ಬರೀ ಲಾರಿಗಳ ಹಿಂಭಾಗ ನೋಡಿಕೊಂಡು ಬರಬೇಕಾಗುತ್ತದೆ.

ಯಾವ ಕಾರು? ಫೋರ್ ವೀಲ್ ಡ್ರೈವ್ ಇರಲೇಬೇಕಾ?

ಬೇಡ. ನಮ್ಮದು ಏಳು ವರ್ಷದ ಹಳೆ ಡೀಸೆಲ್ ಕಾರು, ಮಾಮೂಲಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋದರೆ ಸಣ್ಣ ಕಾರುಗಳೂ ಹೋಗಿ ಬರುತ್ತವೆ. ಕೆಳಗಡೆ ಸ್ವಲ್ಪ ಎತ್ತರ ಇದ್ದರೆ ಒಳ್ಳೆಯದು ಅಷ್ಟೇ.

ಹೊರಡುವ ಮುಂಚೆ ಟೈರು ನಾಲ್ಕೂ ಬದಲಿಸಿದೆವು. ಬ್ರೇಕ್ ಪ್ಯಾಡ್, ಕೂಲೆಂಟ್, ಬ್ಯಾಟರಿ, ವೈಪರ್ ನೋಡಿಸಿದೆವು. ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಯಾರೂ ನೋಡಲ್ಲ, ಭಾವ ನೋಡಿದರು, ಇರಲಿಲ್ಲ. ಒಂದು ಸಲ ನಮ್ಮೂರಿನಲ್ಲೇ ಜಾಕಿ ಹಾಕಿ ಟೈರು ಬಿಚ್ಚಿ ಹಾಕಿ ನೋಡಿ. ಲೇಹ್ ರಸ್ತೆಯಲ್ಲಿ ನಿಂತು ಕಲಿಯೋದಕ್ಕಿಂತ ಮನೆ ಮುಂದೆ ಕಲಿಯೋದು ಮೇಲು. ಅಕ್ಕಪಕ್ಕದವರು ನಗ್ತಾರೆ, ನಗಲಿ.

ರಾತ್ರಿ ಓಡಿಸಿದರೆ ಬೇಗ ಹೋಗಬಹುದಲ್ವಾ?

ಇದನ್ನೇ ಎಲ್ಲರೂ ಕೇಳ್ತಾರೆ, ಅದರಲ್ಲೂ ಹುಡುಗರು. ಬೇಡ.

ಮೂರನೇ ದಿನ ಸಿವನಿಯಿಂದ ಹೊರಟಿದ್ದೆವು, ಝಾನ್ಸಿ ಸೇರಬೇಕಿತ್ತು. ಸಾಗರ ದಾಟುವಾಗಲೇ ಸಂಜೆ ಐದು. ಭಾವ ಇಲ್ಲೇ ಉಳಿಯೋಣ ಅಂದರು. ಝಾನ್ಸಿಯಲ್ಲಿ ರೂಮಿಗೆ ದುಡ್ಡು ಕಟ್ಟಿ ಆಗಿತ್ತು, 2,200 ರೂಪಾಯಿ. ಅದನ್ನು ಬಿಡಲು ಮನಸ್ಸು ಬರದೆ ನಾನೇ ಸ್ಟೇರಿಂಗ್ ಹಿಡಿದೆ. ಲಲಿತಪುರ ದಾಟಿದ ಮೇಲೆ ಪೂರ್ತಿ ಕತ್ತಲೆ. ನಾಲ್ಕು ಪಥದ ರಸ್ತೆ, ನುಣ್ಣಗಿದೆ, ಎದುರಿಗೆ ಯಾರೂ ಇಲ್ಲ, ನಾನು ತೊಂಬತ್ತರಲ್ಲಿದ್ದೆ. ಹೆಡ್‌ಲೈಟ್ ಬೆಳಕಿನ ತುದಿಯಲ್ಲಿ ಎರಡು ಹಸಿರು ಚುಕ್ಕಿ ಕಂಡವು. ಆಮೇಲೆ ನಾಲ್ಕು. ಆಮೇಲೆ ಲೆಕ್ಕಕ್ಕೆ ಸಿಗಲಿಲ್ಲ. ರಸ್ತೆ ತುಂಬಾ ಹಸುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಮಳೆಗಾಲದಲ್ಲಿ ಹೊಲ ಎಲ್ಲ ಒದ್ದೆ, ಸೊಳ್ಳೆ ಕಾಟ ಬೇರೆ, ಅವಕ್ಕೆ ಒಣಗಿದ ಬೆಚ್ಚಗಿನ ಜಾಗ ಅಂದ್ರೆ ಟಾರು ರಸ್ತೆಯೇ. ಬ್ರೇಕ್ ಒತ್ತಿ ಹಿಡಿದೆ, ಕಾರು ಕಿರ್ರ್ ಅಂತ ಅಡ್ಡಡ್ಡ ಜಾರಿಕೊಂಡು ಒಂದು ಎತ್ತಿನ ಮೂತಿಯಿಂದ ಎರಡು ಮೊಳ ಈಚೆಗೆ ನಿಂತಿತು. ಅದು ಎದ್ದೇಳಲೂ ಇಲ್ಲ. ನಮ್ಮನ್ನು ನೋಡಿತು, ಕಿವಿ ಒಂದು ಸಲ ಆಡಿಸಿತು, ಮೆಲುಕು ಮುಂದುವರಿಸಿತು.

ಹಿಂದಿನ ಸೀಟಿನಲ್ಲಿ ಯಾರೂ ಮಾತಾಡಲಿಲ್ಲ. ಭಾವ ಇಳಿದು ಬಂದು ನನ್ನ ಕಡೆ ಬಾಗಿಲು ತೆಗೆದು, ಆ ಕಡೆ ಕೂತ್ಕೋ ಅಂದರು. ಅಲ್ಲಿಂದ ಝಾನ್ಸಿವರೆಗೆ ಐವತ್ತು ದಾಟಲಿಲ್ಲ. ಮಾರನೇ ದಿನ ಎಲ್ಲೂ ಹೋಗದೆ ಪಕ್ಕದ ಓರ್ಛಾಗೆ ಹೋಗಿ ಬೇತ್ವಾ ನದಿ ದಡದಲ್ಲಿ ಕೂತಿದ್ದೆವು. ಆ ದಿನದ್ದು ಪ್ಲ್ಯಾನಿನಲ್ಲಿ ಇರಲಿಲ್ಲ, ಇಡೀ ಪ್ರಯಾಣದಲ್ಲಿ ನನ್ನ ಹೆಂಡತಿಗೆ ತುಂಬಾ ಇಷ್ಟವಾಗಿದ್ದು ಅದೇ.

ಆಮೇಲೆ ಭಾವ ಮಾಡಿದ ರೂಲು: ಬೆಳಗ್ಗೆ ಐದಕ್ಕೆ ಗಾಡಿ ಹೊರಡಬೇಕು, ಸಂಜೆ ಐದಕ್ಕೆ ರೂಮಿನಲ್ಲಿ ಇರಬೇಕು. ರೂಮನ್ನು ಮುಂಚೆ ಬುಕ್ ಮಾಡೋ ಹಾಗಿಲ್ಲ, ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದೀವೋ ನೋಡಿಕೊಂಡು ಮುಂದಿನ ಊರಲ್ಲಿ ಹುಡುಕೋದು. ದುಡ್ಡು ಕಟ್ಟಿದ ರೂಮು ನಿಮ್ಮನ್ನು ರಾತ್ರಿ ಓಡಿಸುತ್ತೆ, ಹೇಳಿರ್ತೀನಿ.

ಹುಲಿ ಕಾಡಿನ ಮೇಲೆ ಸೇತುವೆ ಇದೆ ಅಂತಾರಲ್ಲ, ನಿಜನಾ?

ನಿಜ. ನಾಗ್ಪುರದಿಂದ ಸಿವನಿ ಕಡೆ ಹೋಗುವಾಗ ಪೆಂಚ್ ಕಾಡು. ಮಹಾರಾಷ್ಟ್ರದ ಭಾಗದಲ್ಲೇ ಇಂಥ ಒಂಬತ್ತು ದಾಟುಗಳನ್ನು ಕಟ್ಟಿದ್ದಾರೆ, ಉದ್ದದ್ದು 750 ಮೀಟರ್ ಇದೆ. ಮೇಲೆ ನಾವು, ಕೆಳಗೆ ಹುಲಿ, ಜಿಂಕೆ. ಕ್ಯಾಮೆರಾ ಇಟ್ಟು ನೋಡಿದಾಗ ಹುಲಿಗಳು ನಿಜವಾಗಿಯೂ ಆ ದಾರಿ ಬಳಸುತ್ತಿರುವುದು ಕಂಡಿದೆ. ನಮಗೆ ಕಂಡಿದ್ದು ಕೋತಿ ಮಾತ್ರ.

ದೆಹಲಿ ಟ್ರಾಫಿಕ್ ಹೇಗೆ ನಿಭಾಯಿಸಿದ್ರಿ?

ದೆಹಲಿಗೆ ಹೋಗಲೇ ಇಲ್ಲ. ಪಲ್ವಲ್ ಹತ್ತಿರ ಬಲಕ್ಕೆ ಈಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹಿಡಿದರೆ 135 ಕಿಮೀ ಸುತ್ತಿ ಕುಂಡ್ಲಿಯಲ್ಲಿ ಮತ್ತೆ 44ಕ್ಕೆ ಸೇರಬಹುದು. ಎಡಕ್ಕೆ ಹೋದರೆ ಮಾನೇಸರ್ ಮೇಲೆ ಬರುವ ಇನ್ನೊಂದು ಇದೆ, ಅದೂ ಸುಮಾರು ಅಷ್ಟೇ ದೂರ, ಅದೂ ಕುಂಡ್ಲಿಗೇ ಬರುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಇದ್ದವರು ಹೊರಡುವ ಮುಂಚೆ ದೆಹಲಿ ಸುತ್ತಮುತ್ತಲಿನ ರೂಲ್ಸ್ ವಿಚಾರಿಸಿಕೊಳ್ಳಿ. ಕುಂಡ್ಲಿ ದಾಟಿದ ಸ್ವಲ್ಪ ಹೊತ್ತಿಗೆ ಮುರ್ಥಲ್, ಪರಾಠಾ ಮೇಲೆ ಬೆಣ್ಣೆ ಉಂಡೆ. ಒಂದು ತಿಂದರೆ ಮಧ್ಯಾಹ್ನದ ಊಟ ಬೇಡ.

ಟೋಲ್ ಎಷ್ಟಾಯ್ತು?

ಹೋಗಿ ಬರಲು ಒಂಬತ್ತೂವರೆ ಸಾವಿರ. ಈಗ ಹೋಗುವವರಿಗೆ ಅಷ್ಟಾಗುವುದಿಲ್ಲ. 2025ರ ಆಗಸ್ಟ್ 15ರಿಂದ ಸ್ವಂತ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿ, ಒಂದು ವರ್ಷ ಅಥವಾ 200 ಸಲ ದಾಟುವವರೆಗೆ. ಇದು ರಾಷ್ಟ್ರೀಯ ಹೆದ್ದಾರಿಗಳಿಗೆ, ರಾಜ್ಯದವರ ಟೋಲಿಗೆ ಬೇರೆ ಕೊಡಬೇಕು. ಇಂಥ ಒಂದು ಪ್ರಯಾಣದಲ್ಲೇ ಅದರ ದುಡ್ಡು ಹುಟ್ಟುತ್ತೆ. ನಮ್ಮ ದುರಾದೃಷ್ಟ, ಒಂದು ವರ್ಷ ಮುಂಚೆ ಹೋಗಿಬಿಟ್ಟೆವು.

ರಸ್ತೆಯಲ್ಲಿ ಏನಾದರೂ ಆದರೆ 1033ಕ್ಕೆ ಫೋನ್ ಮಾಡಿ, ಹೆದ್ದಾರಿಯವರ ಸಹಾಯವಾಣಿ. ಟೋಲ್ ಕಟ್ಟುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಊಟ ಹೇಗೆ? ಮುದ್ದೆ ಇಲ್ಲದೆ ಇದ್ರಾ?

ಈ ಪ್ರಶ್ನೆ ಕೇಳುವವರು ಬೇರೆ ಏನು ಹೇಳಿದರೂ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಅಕ್ಕ ಐದು ಕೆಜಿ ರಾಗಿ ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ, ಒಂದು ಡಬ್ಬ ನಿಪ್ಪಟ್ಟು, ಸಣ್ಣ ಗ್ಯಾಸ್ ಸ್ಟೌವ್ ತಂದಿದ್ದಳು. ಕರ್ನೂಲು ದಾಟುವವರೆಗೆ ಇಡ್ಲಿ. ಆದಿಲಾಬಾದ್‌ವರೆಗೆ ಅನ್ನ ಪಪ್ಪು. ನಾಗ್ಪುರದಲ್ಲಿ ಅವಲಕ್ಕಿ ಮೇಲೆ ಕೆಂಪು ಎಣ್ಣೆ ತೇಲುವ ಕಡಲೆ ರಸ ಸುರಿದು ಕೊಡುತ್ತಾರೆ, ತರ್ರಿ ಪೋಹಾ ಅಂತ, ಭಾವ ಎರಡು ಪ್ಲೇಟ್ ತಿಂದು ರಾತ್ರಿ ಅನುಭವಿಸಿದರು. ಮಧ್ಯಪ್ರದೇಶದಲ್ಲಿ ಬೆಳಗ್ಗೆ ಅವಲಕ್ಕಿ ಜೊತೆಗೆ ಜಿಲೇಬಿ. ಅಲ್ಲಿಂದ ಮೇಲಕ್ಕೆ ರೊಟ್ಟಿ, ದಾಲ್, ಪನೀರ್. ಹತ್ತು ದಿನ ಪನೀರ್ ತಿಂದು ನೋಡಿ, ಉಪ್ಸಾರು ಕನಸಿನಲ್ಲಿ ಬರುತ್ತೆ. ಆದರೆ ರಾಂಬನ್ ಹತ್ತಿರ ಪೀಡಾ ಅಂತ ಒಂದು ಜಾಗ ಇದೆ, ಅಲ್ಲಿನ ರಾಜ್ಮಾ ಅನ್ನ ಬಿಡಬೇಡಿ. ಬಿಸಿ ಅನ್ನ, ಸಣ್ಣ ರಾಜ್ಮಾ, ಮೇಲೆ ತುಪ್ಪ, ಪಕ್ಕದಲ್ಲಿ ದಾಳಿಂಬೆ ಬೀಜದ ಹುಳಿ ಚಟ್ನಿ.

ಲೇಹ್‌ನಲ್ಲಿ ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ನಲ್ಲಿ ಉಳಿದಿದ್ದೆವು. ಅಕ್ಕ ಅವರ ಅಡುಗೆಮನೆಯಲ್ಲಿ ಮುದ್ದೆಗೆ ಇಟ್ಟಳು. ಸರಿಯಾಗಿ ಬೇಯಲೇ ಇಲ್ಲ, ಗಂಟು ಗಂಟು. ಅಷ್ಟು ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತೆ, ಕುದಿಯೋ ಹಾಗೆ ಕಾಣುತ್ತೆ ಆದರೆ ನಮ್ಮೂರಿನಷ್ಟು ಕಾವು ಇರಲ್ಲ. ಅನ್ನಕ್ಕೂ ಕುಕ್ಕರ್ ಬೇಕೇ ಬೇಕು. ಆ ಮನೆಯ ಅಜ್ಜಿ ಪಾತ್ರೆ ಒಳಗೆ ಬಗ್ಗಿ ನೋಡಿದರು, ನಕ್ಕರು, ಏನೋ ಹೇಳಿದರು. ಸಂಜೆ ಒಂದು ತಟ್ಟೆಯಲ್ಲಿ ಕಂದು ಬಣ್ಣದ ದೊಡ್ಡ ಉಂಡೆ ತಂದು ಇಟ್ಟರು. ಮಧ್ಯದಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡಿ ಬೆಣ್ಣೆ ಹಾಕಿದ್ದರು, ಪಕ್ಕದಲ್ಲಿ ಸೊಪ್ಪು ಹಾಕಿದ ಮಜ್ಜಿಗೆ. ಪಾಬಾ ಅಂತ ಹೆಸರು. ಹುರಿದ ಬಾರ್ಲಿ, ಬಟಾಣಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಲ್ಲಿ ತಿರುವಿ ಮಾಡೋದು. ಅಕ್ಕ ಮುರಿದು ಮಜ್ಜಿಗೆಯಲ್ಲಿ ಅದ್ದಿ ನುಂಗಿದಳು. ಅಜ್ಜಿ, ನೀವು ಅಗಿಯಲ್ವಾ ಅನ್ನೋ ಹಾಗೆ ಸನ್ನೆ ಮಾಡಿದರು. ಅಕ್ಕ ಕನ್ನಡದಲ್ಲೇ, "ಮುದ್ದೇನ ಯಾರಾದ್ರೂ ಅಗೀತಾರಾ ಅಜ್ಜೀ?" ಅಂದಳು.

ಭಾಷೆ ತೊಂದರೆ ಆಗಲಿಲ್ವಾ?

ನಮ್ಮ ಜಿಲ್ಲೆಯವರಿಗೆ ಅರ್ಧ ದಾರಿ ತೆಲುಗಿನಲ್ಲೇ ಹೋಗುತ್ತೆ. ಬಾಗೇಪಲ್ಲಿ ತೆಲುಗು ಆದಿಲಾಬಾದ್‌ವರೆಗೆ ಓಡಿತು, ಅಲ್ಲಿನವರು ನಗಾಡಿದರು, ಆದರೂ ಕೆಲಸ ಆಯ್ತು. ಪೆನ್‌ಗಂಗಾ ದಾಟಿದ ಮೇಲೆ ಹಿಂದಿ. ಭಾವನ ಹಿಂದಿ ಕೇಳಿದರೆ ಹಿಂದಿಯವರಿಗೇ ಅನುಮಾನ ಬರುತ್ತೆ, ಆದರೆ ಲಾರಿ ಡ್ರೈವರುಗಳ ಹತ್ತಿರ ಅರ್ಧ ಗಂಟೆ ಮಾತಾಡಿ ಬರ್ತಾರೆ. ಮುಂದೆ ರಸ್ತೆ ಹೇಗಿದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಮ್ಯಾಪಿಗೂ ಗೊತ್ತಿರಲ್ಲ.

ಫೋನ್ ಕೆಲಸ ಮಾಡುತ್ತಾ?

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಹೊರಗಿನ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲೂ ಲಡಾಖ್‌ನಲ್ಲೂ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತೆ.

ನಮಗೆ ಯಾರೂ ಹೇಳಿರಲಿಲ್ಲ. ಪಂಜಾಬ್ ಮುಗಿದು ರಾವಿ ನದಿ ದಾಟಿದರೆ ಲಖನ್‌ಪುರ. ಅಲ್ಲಿ ಟೀ ಕುಡಿದು ಸ್ಕ್ಯಾನ್ ಮಾಡೋಣ ಅಂದ್ರೆ ಗೋಲ ಗೋಲ ಸುತ್ತುತ್ತಾ ಇದೆ. ನನ್ನ ಫೋನು ಸತ್ತಿತ್ತು, ಹೆಂಡತಿಯದ್ದೂ, ಅಕ್ಕನದ್ದೂ. ಮ್ಯಾಪು, ದುಡ್ಡು, ರೂಮು ಎಲ್ಲ ಅದರಲ್ಲೇ. ಭಾವ ಜೇಬಿನಿಂದ ಹಳೆ ಪೋಸ್ಟ್‌ಪೇಯ್ಡ್ ತೆಗೆದು ಮೇಜಿನ ಮೇಲೆ ಇಟ್ಟರು. ತಿಂಗಳ ಬಿಲ್ ಸುಮ್ನೆ ದಂಡ ಅಂತ ನಾನೇ ಎಷ್ಟೋ ಸಲ ರೇಗಿಸಿದ್ದೆ. ಆಮೇಲಿನ ಎರಡು ವಾರ ನಾವು ನಾಲ್ವರೂ ಭಾವನ ಹಾಟ್‌ಸ್ಪಾಟ್‌ನಲ್ಲಿ ಬದುಕಿದೆವು.

ಹೊರಡುವ ಎರಡು ವಾರ ಮುಂಚೆಯೇ ಕಾರಿನಲ್ಲಿ ಇಬ್ಬರಾದರೂ ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳಿ, ಬೇರೆ ಬೇರೆ ಕಂಪನಿಯದ್ದು ಇದ್ದರೆ ಇನ್ನೂ ಒಳ್ಳೆಯದು. ಮ್ಯಾಪ್ ಡೌನ್‌ಲೋಡ್ ಮಾಡಿ ಇಡಿ. ಕೈಯಲ್ಲಿ ನಗದು ಇರಲಿ. ನಾವು ಹೋದಾಗ ಅಲ್ಲಿ ವಿಧಾನಸಭೆ ಚುನಾವಣೆ ನಡೆಯುತ್ತಿತ್ತು, ಐವತ್ತು ಸಾವಿರದ ಮೇಲೆ ನಗದಿದ್ದರೆ ದಾಖಲೆ ಕೇಳುತ್ತಾರೆ. ಭಾವನ ಚೀಲದಲ್ಲಿ 48,000 ಇತ್ತು. ಪೊಲೀಸರು ಎಣಿಸಿದರು, ಭಾವನೂ ಜೊತೆಗೆ ಜೋರಾಗಿ ಕನ್ನಡದಲ್ಲಿ ಎಣಿಸಿದರು.

ಜಮ್ಮು–ಶ್ರೀನಗರ ರಸ್ತೆ ಅಷ್ಟೊಂದು ಕಷ್ಟನಾ?

ಅರ್ಧ ಸುಲಭ. ಚೆನಾನಿ–ನಾಶ್ರಿ ಸುರಂಗ ಒಂಬತ್ತು ಕಿಮೀ ಇದೆ, 2017ರಲ್ಲಿ ತೆರೆದದ್ದು. ಬನಿಹಾಲ್–ಖಾಜಿಗುಂಡ್ ಸುರಂಗ ಎಂಟೂವರೆ ಕಿಮೀ, 2021ರದ್ದು. ಎರಡರ ಒಳಗೂ ನಮ್ಮ ಬೆಂಗಳೂರು ರಸ್ತೆಗಿಂತ ಆರಾಮ. ಸಮಸ್ಯೆ ಇರೋದು ಎರಡು ಸುರಂಗದ ಮಧ್ಯದಲ್ಲಿ, ರಾಂಬನ್ ಸುತ್ತಮುತ್ತ. ಕೆಳಗೆ ಚಿನಾಬ್, ಮೇಲೆ ಸಡಿಲ ಮಣ್ಣಿನ ಬೆಟ್ಟ. ರಾತ್ರಿ ಮಳೆ ಬಂದರೆ ಬೆಳಗ್ಗೆ ಬೆಟ್ಟದ ಒಂದು ತುಂಡು ರಸ್ತೆ ಮೇಲೆ ಇರುತ್ತೆ. ಜೊತೆಗೆ ಅಗಲ ಮಾಡುವ ಕೆಲಸ ಬೇರೆ.

ನಾವು ಸಿಕ್ಕಿಹಾಕಿಕೊಂಡಾಗ ಸೇಬಿನ ಕಾಲ. ಎದುರಿನಿಂದ ಸೇಬು ತುಂಬಿದ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು, ಕಣ್ಣು ಹಾಯಿಸಿದಷ್ಟೂ. ಬಿಸಿಲಿಗೆ ಪೆಟ್ಟಿಗೆಯಿಂದ ಸಿಹಿ ವಾಸನೆ ಹೊಡೆಯುತ್ತಿತ್ತು. ಒಬ್ಬ ಡ್ರೈವರು ಟಾರ್ಪಾಲ್ ಎತ್ತಿ ಒಂದು ಹಣ್ಣು ತೆಗೆದು ಹೆಬ್ಬೆರಳಿನಿಂದ ಒತ್ತಿ ತೋರಿಸಿದ, ಬೆರಳು ಒಳಗೆ ಹೋಯಿತು. ನಮ್ಮ ಕೋಲಾರ, ಚಿಂತಾಮಣಿ ಕಡೆ ಟೊಮ್ಯಾಟೊ ಲೋಡು ಒಂದು ದಿನ ತಡವಾದರೆ ಏನಾಗುತ್ತೆ ಅಂತ ಗೊತ್ತಲ್ವಾ, ಅದೇ ಮುಖ. ಭಾಷೆ ಬೇಕಾಗಲಿಲ್ಲ. ನಮಗೆ ಒಂದು ದಿನ ಹೋಯಿತು ಅಷ್ಟೇ, ಅವನಿಗೆ ಒಂದು ವರ್ಷದ್ದು.

ನಿಮಗೆ ಬೇಕಾದ ಮಾಹಿತಿ: ಅಲ್ಲಿನ ಟ್ರಾಫಿಕ್ ಪೊಲೀಸರು ಮಾರನೇ ದಿನ ಯಾವ ಕಡೆಯಿಂದ ಎಷ್ಟು ಹೊತ್ತಿಗೆ ವಾಹನ ಬಿಡುತ್ತೇವೆ ಅಂತ ಹಿಂದಿನ ಸಂಜೆಯೇ ಹಾಕುತ್ತಾರೆ. ಅದನ್ನು ನೋಡದೆ ಹೋಟೆಲ್ ಬಿಡಬೇಡಿ. ಸಮಯ ಮೀರಿದರೆ ಬಿಡುವುದಿಲ್ಲ, ಕರ್ನಾಟಕದಿಂದ ಬಂದಿದ್ದೀವಿ ಸಾರ್ ಅಂದರೂ ಬಿಡುವುದಿಲ್ಲ, ನಾನು ಅಂದು ನೋಡಿದ್ದೇನೆ. ಅಮರನಾಥ ಯಾತ್ರೆ ಸಮಯದಲ್ಲಿ ಇನ್ನೂ ಬಿಗಿ ಇರುತ್ತೆ.

ಜೋಜಿ ಲಾ ಭಯ ಆಗಲಿಲ್ವಾ?

ಆಯಿತು. ಶ್ರೀನಗರ–ಲೇಹ್ ದಾರಿಯಲ್ಲಿ ಬರುವ ಘಟ್ಟ ಅದು, ಲಾ ಅಂದ್ರೆ ಬೆಟ್ಟ ದಾಟುವ ಕಣಿವೆದಾರಿ. 3,528 ಮೀಟರ್ ಎತ್ತರ, ಕಚ್ಚಾ ರಸ್ತೆ, ಒಂದು ಕಡೆ ತಡೆಗೋಡೆಯೂ ಇಲ್ಲದ ಪ್ರಪಾತ. ಅಲ್ಲಿ ನಾನು ಓಡಿಸಲಿಲ್ಲ. ಸೋನಮಾರ್ಗ್ ಕಡೆ ಆರೂವರೆ ಕಿಮೀ ಸುರಂಗ 2025ರ ಜನವರಿಯಲ್ಲಿ ತೆರೆದಿದೆ, ಆದರೆ ಅದು ಜೋಜಿ ಲಾಗೆ ಮುಂಚೆಯೇ ಮುಗಿಯುತ್ತೆ. ಜೋಜಿ ಲಾ ಅಡಿಯ ದೊಡ್ಡ ಸುರಂಗವೇ ಬೇರೆ. ಎದುರಿನ ವಾಹನ ಮೇಲಕ್ಕೆ ಹತ್ತುತ್ತಿದ್ದರೆ ಇಳಿಯುವವರು ನಿಂತು ಜಾಗ ಕೊಡಬೇಕು. ಬೆಟ್ಟದ ರಸ್ತೆಯ ಮೊದಲ ಮರ್ಯಾದೆ ಇದು.

ಇಳಿಜಾರಿನ ಮಾತು ಬಂದಿದ್ದಕ್ಕೆ ಇನ್ನೊಂದು. ಕಾರ್ಗಿಲ್ ದಾಟಿದ ಮೇಲೆ ಫೋಟು ಲಾ, 4,108 ಮೀಟರ್. ಅಲ್ಲಿಂದ ಲಾಮಾಯೂರು ಕಡೆ ಇಳಿಯುವಾಗ ನಾನು ಓಡಿಸುತ್ತಿದ್ದೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಭಾವ ಪಕ್ಕಕ್ಕೆ ಹಾಕಿಸಿ ಅರ್ಧ ಗಂಟೆ ನಿಲ್ಲಿಸಿದರು. ಚಕ್ರಕ್ಕೆ ನೀರು ಹಾಕಲು ಹೋದೆ, ಬೈದರು, ಕಾದ ಡಿಸ್ಕ್ ಬಿರುಕು ಬಿಡುತ್ತೆ. ಹತ್ತಿದ ಗೇರಿನಲ್ಲೇ ಇಳೀಬೇಕು ಅನ್ನೋದು ಬಸ್ಸು ಡ್ರೈವರುಗಳ ಲೆಕ್ಕ. ಎರಡು ಅಥವಾ ಮೂರನೇ ಗೇರು, ಇಂಜಿನ್ನೇ ಹಿಡಿದುಕೊಳ್ಳುತ್ತೆ, ಬ್ರೇಕು ಆಗಾಗ ಮಾತ್ರ.

ಉಸಿರಾಟದ ತೊಂದರೆ?

ನಂದಿ ಬೆಟ್ಟ 1,478 ಮೀಟರ್. ಲೇಹ್ ಊರೇ 3,500 ಮೀಟರ್. ಬೆಟ್ಟದ ಮೇಲೆ ಇನ್ನೊಂದು ನಂದಿ ಬೆಟ್ಟ ಇಟ್ಟು ಅದರ ಮೇಲೆ ಊರು ಕಟ್ಟಿದ್ದಾರೆ ಅಂದುಕೊಳ್ಳಿ, ಆಗಲೂ ಇನ್ನಷ್ಟು ಎತ್ತರ ಬಾಕಿ. ಗಾಳಿ ತೆಳ್ಳಗಾದಾಗ ದೇಹ ಹೊಂದಿಕೊಳ್ಳಲು ದಿನಗಳು ಬೇಕು. ಶ್ರೀನಗರದ ಮೇಲೆ ಬಂದರೆ ಅನುಕೂಲ ಏನಂದರೆ ನಿಧಾನವಾಗಿ ಏರುತ್ತೀರಿ. ನಾವು ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಉಳಿದೆವು, ಅದು 2,676 ಮೀಟರ್. ಮನಾಲಿ ಕಡೆಯಿಂದ ಹೋದರೆ ಎತ್ತರ ಒಮ್ಮೆಲೇ ಏರುತ್ತೆ, ತೊಂದರೆ ಜಾಸ್ತಿ.

ಆದರೂ ಅಕ್ಕನಿಗೆ ಬಂತು. ಲೇಹ್ ತಲುಪಿದ ಸಂಜೆ ಚೆನ್ನಾಗೇ ಇದ್ದಳು, ಬಟ್ಟೆ ಒಗೆದಳು, ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿದಳು. ರಾತ್ರಿ ತಲೆ ಸಿಡಿಯೋ ನೋವು, ವಾಂತಿ. ಪಿತ್ತ ಅಂತ ಶುಂಠಿ ಕಷಾಯ ಕುಡಿದು ಕೂತಿದ್ದಳು. ಗೆಸ್ಟ್‌ಹೌಸ್‌ನವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆರಳಿಗೆ ಕ್ಲಿಪ್ ಹಾಕಿ ನೋಡಿ ಆಕ್ಸಿಜನ್ ಕೊಟ್ಟರು, ಬೆಳಗ್ಗೆ ಹೊತ್ತಿಗೆ ಸುಧಾರಿಸಿದಳು. ಹೋದ ಮೊದಲ ಎರಡು ದಿನ ಸುಮ್ನೆ ಮಲಗಿ. ನೀರು ಕುಡಿಯಿರಿ, ಮದ್ಯ ಬೇಡ. ಮಾತ್ರೆ ಬೇಕಾ ಬೇಡವಾ ಅನ್ನೋದನ್ನು ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ, ಬಿಪಿ, ಹೃದಯದ ತೊಂದರೆ ಇದ್ದವರಂತೂ ಕೇಳಲೇಬೇಕು. ತಲೆನೋವು ಜಾಸ್ತಿ ಆಗುತ್ತಾ ಹೋದರೆ, ಕೂತಾಗಲೂ ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಕೆಳಗೆ ಇಳಿಯಿರಿ.

ಡೀಸೆಲ್ ಎಲ್ಲಾ ಕಡೆ ಸಿಗುತ್ತಾ?

ಬಾಗೇಪಲ್ಲಿಯಲ್ಲೇ ಟ್ಯಾಂಕ್ ತುಂಬಿಸಿ, ಗಡಿ ದಾಟಿದರೆ ರೇಟು ಜಾಸ್ತಿ. ಆಂಧ್ರದ ಲಾರಿಗಳು ಅಲ್ಲಿ ಸಾಲು ನಿಲ್ಲೋದು ಅದಕ್ಕೇ. ಶ್ರೀನಗರ, ಕಾರ್ಗಿಲ್, ಲೇಹ್‌ವರೆಗೆ ತೊಂದರೆ ಇಲ್ಲ. ನಾವು ವಾಪಸ್ ಮನಾಲಿ ಮೇಲೆ ಬಂದೆವು, ಕಷ್ಟ ಅಲ್ಲಿದೆ. ಮನಾಲಿ ಕಡೆಯಿಂದ ಹೋಗುವಾಗ ಟಾಂಡಿ ಬಂಕಿನಲ್ಲಿ, ಮುಂದಿನ ಬಂಕ್ 365 ಕಿಮೀ ಅಂತ ಬರೆದ ಬೋರ್ಡು ತುಂಬಾ ಪ್ರಸಿದ್ಧ. ಲೇಹ್‌ನಿಂದ ಹೊರಟರೆ ಸುಮಾರು 35 ಕಿಮೀಗೆ ಒಂದು ಬಂಕ್ ಇದೆ, ಊರಿನ ಹೆಸರೇ ಕಾರು. ಕಾರುವಿನಲ್ಲಿ ಕಾರಿಗೆ ಫುಲ್ ಟ್ಯಾಂಕ್ ಅಂತ ಭಾವ ಮೂರು ದಿನ ಇದೇ ಜೋಕು ಹೇಳಿದರು. ಕ್ಯಾನಿನಲ್ಲಿ ಹತ್ತು ಲೀಟರ್ ಹೆಚ್ಚಿಗೆ ಇಟ್ಟುಕೊಂಡೆವು, ಬೇಕಾಗಲಿಲ್ಲ. ಆ ಕಡೆ ಮನಾಲಿ ಹತ್ತಿರ ಒಂಬತ್ತು ಕಿಮೀ ಅಟಲ್ ಸುರಂಗ ಬಂದು ದಾರಿ ಕಡಿಮೆಯಾಗಿದೆ.

ಗಾಡಿ ಕೈ ಕೊಟ್ಟಿತಾ?

ಒಂದು ಸಲ ಮುಂದಿನ ಚಕ್ರದಿಂದ ಕಬ್ಬಿಣ ಉಜ್ಜುವ ಸದ್ದು. ಒಂದು ಊರಿನ ವರ್ಕ್‌ಶಾಪಿನಲ್ಲಿ ತೋರಿಸಿದರೆ, ಸಸ್ಪೆನ್ಶನ್ ಎರಡೂ ಕಡೆ ಹೋಗಿದೆ, ಹದಿನೆಂಟು ಸಾವಿರ, ಎರಡು ದಿನ ಅಂದರು. ನಾನು ದುಡ್ಡು ಎಣಿಸಲು ಶುರು ಮಾಡಿದ್ದೆ. ಭಾವ ಟವೆಲ್ ಹಾಸಿ ಕಾರಿನ ಕೆಳಗೆ ಮಲಗಿ, ಸ್ಕ್ರೂಡ್ರೈವರ್ ತುದಿಯಿಂದ ಡಿಸ್ಕ್ ಹಿಂದಿನ ತಗಡಿನ ಮರೆಯನ್ನು ಸ್ವಲ್ಪ ಬಗ್ಗಿಸಿದರು. ಕಡಲೆಕಾಯಿ ಬೀಜದಷ್ಟು ಕಲ್ಲು ಬಿತ್ತು. ಸದ್ದು ನಿಂತಿತು. ಆ ಕಲ್ಲು ಈಗ ನಮ್ಮ ಅಂಗಡಿ ಗಲ್ಲಾಪೆಟ್ಟಿಗೆಯಲ್ಲಿದೆ.

ಹೆಣ್ಣುಮಕ್ಕಳಿಗೆ ಅನುಕೂಲ ಹೇಗಿದೆ?

ಈ ಪ್ರಶ್ನೆಗೆ ಉತ್ತರ ನನ್ನ ಹೆಂಡತಿ ಹೇಳಿ ಬರೆಸಿದ್ದು. ಹೆದ್ದಾರಿಯಲ್ಲಿ ದೊಡ್ಡ ಬಂಕುಗಳ ಟಾಯ್ಲೆಟ್ ಪರವಾಗಿಲ್ಲ, ಡೀಸೆಲ್ ಹಾಕಿಸದಿದ್ದರೂ ಕೇಳಿ ಹೋಗಬಹುದು, ಸಂಕೋಚ ಬೇಡ. ಕಂಡಾಗ ಹೋಗಿಬಿಡಬೇಕು, ಮುಂದೆ ಸಿಗುತ್ತೆ ಅಂತ ಮುಂದೂಡಬಾರದು. ನೀರು ಕುಡಿಯೋದು ಕಡಿಮೆ ಮಾಡಬಾರದು, ಮೇಲೆ ಹೋದಾಗ ಅದೇ ತೊಂದರೆ ಕೊಡುತ್ತೆ. ಲೇಹ್–ಮನಾಲಿ ರಸ್ತೆಯಲ್ಲಿ ಮರೆಗೆ ಒಂದು ಗಿಡವೂ ಇಲ್ಲ, ಬರೀ ಬಯಲು. ಎರಡು ದೊಡ್ಡ ಛತ್ರಿ ಇಟ್ಟುಕೊಳ್ಳಿ. ಮಳೆಗೆ ಅಲ್ಲ.

ಒಟ್ಟು ಖರ್ಚು?

ನಾಲ್ಕು ಜನಕ್ಕೆ 1,78,000. ಡೀಸೆಲ್ 38 ಸಾವಿರ ಹತ್ತಿರ, ರೂಮಿಗೇ ಜಾಸ್ತಿ ಹೋಯಿತು. ಅಂಗಡಿ ಬಾಗಿಲು ಹಾಕಿದ್ದು ಬೇರೆ.

ಜಗಳ ಆಗಲಿಲ್ವಾ?

ಆಗದೆ ಇರುತ್ತಾ? ಹನ್ನೊಂದನೇ ದಿನ ಎಸಿ ಹಾಕೋ ವಿಷಯಕ್ಕೆ ಶುರುವಾಗಿ ನಮ್ಮ ಮದುವೆಯಲ್ಲಿ ಯಾರು ಯಾರಿಗೆ ಸೀರೆ ಕೊಡಲಿಲ್ಲ ಅನ್ನೋವರೆಗೆ ಹೋಯಿತು. ಮಾರನೇ ದಿನ ಹಿಂದೆ ಕೂರುವವರು ಮುಂದೆ, ಮುಂದಿನವರು ಹಿಂದೆ ಅಂತ ಸೀಟು ಬದಲಿಸಿದೆವು. ಆಶ್ಚರ್ಯ, ಸರಿ ಹೋಯಿತು.

ಏನು ತಂದ್ರಿ?

ಶ್ರೀನಗರಕ್ಕೆ ಮುಂಚೆ ಸಂಗಮ್ ಅಂತ ಊರು, ರಸ್ತೆಯ ಎರಡೂ ಕಡೆ ಕ್ರಿಕೆಟ್ ಬ್ಯಾಟಿನ ಅಂಗಡಿಗಳು, ವಿಲ್ಲೋ ಮರದ ಸೀಳುಗಳನ್ನು ಗೋಪುರದ ಹಾಗೆ ಜೋಡಿಸಿ ಒಣಗಿಸುತ್ತಾರೆ. ಅಕ್ಕನ ಮೊಮ್ಮಗನಿಗೆ ಒಂದು ತಂದೆವು. ಪಾಂಪೋರ್‌ನಲ್ಲಿ ಒಂದು ಗ್ರಾಂ ಕೇಸರಿ. ಅದು ಪಾಯಸಕ್ಕೆ ಅಂತ ತಂದಿದ್ದು, ದೇವರ ಮನೆಯಲ್ಲಿ ಹಾಗೇ ಇದೆ, ಯಾರೂ ತೆಗೆಯುತ್ತಿಲ್ಲ.

ಗಡಿಬಿಡಿ ಇಲ್ಲದೆ ನಾವೂ ಹೋಗಿ ಬರ್ತೀವಿ, ನಿಮ್ಮ ಕಾರು ಕೊಡ್ತೀರಾ? ಬಾಡಿಗೆ ಕೊಡ್ತೀವಿ.

ಇಲ್ಲ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಕೊಡುವ ಹಾಗಿಲ್ಲ, ಅದೊಂದು. ಮತ್ತೆ ಆಯುಧಪೂಜೆಗೆ ತೊಳೆದು ಕುಂಬಳಕಾಯಿ ಒಡೆದು ಒಂದು ವಾರ ಆದ ಮೇಲೂ ಡಿಕ್ಕಿ ಮೂಲೆಯಿಂದ ಸಣ್ಣ ಬೂದು ಮರಳು ಉದುರುತ್ತಿತ್ತು, ಅದನ್ನು ಗುಡಿಸಬೇಡಿ ಅಂತ ಭಾವ ಹೇಳಿದ್ದಾರೆ.